ನಾರುವ ಬಾಯಿಯ ಅಮ್ಮಣ್ಣಿ

“ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅವರ ಕೈ, ಅರ್ಧ ರಾಜ್ಯ. ಒಂದು ತಪ್ಪಿದರೂ ಹೊತ್ತು ಮುಳುಗುವಾಗ ತಲೆದಂಡ. ಕೇಳಿರಪ್ಪಾ ಕೇಳಿ” ಎಂದು ಡಂಗುರ ಸಾರಿದರು. ರಾಜಕುಮಾರಿಯ ಬಾಯಿ ಸತ್ತ ಹೆಗ್ಗಣದಂತೆ ನಾರುತ್ತದೆ ಎಂಬುದನ್ನು ಮಾತ್ರ ಸಾರಲಿಲ್ಲ. ಅರಸುಮನೆಯವರ ಉಸಿರನ್ನು ಸುಗಂಧ ಎನ್ನಬೇಕೆಂಬುದು ಆ ರಾಜ್ಯದ ಹಾಳು ಪದ್ಧತಿ.

ಒಗಟಿಗೆ ಬಂದವನು ಅವಳ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಹಲ್ಲಿನ ಮೇಲೆ ಹಳದಿ ಲೋಳೆ, ಒಸಡಿನಲ್ಲಿ ಕೀವು. ಥೂ, ಹೇಳುವಾಗ ನಾನೇ ಮೂಗು ಮುಚ್ಚಿಕೊಳ್ಳುತ್ತೇನೆ.

“ಬಿಳಿ ಕಲ್ಲಿನ ಸಾಲುಮನೆ, ಕಣ್ಣಿಗೆ ಕಾಣದ ಒಕ್ಕಲು. ನಾನುಂಡದ್ದನ್ನೇ ಉಂಡು ಮನೆಯನ್ನೇ ಕೊರೆಯುತ್ತದೆ. ಯಾವುದು?” ಎಂದಳು. ನೆರೆರಾಜ್ಯದ ರಾಜಕುಮಾರ ಮೂಗು ಮುಚ್ಚಲಾರದೆ, “ಅರಮನೆಗೆ ಹತ್ತಿದ ಗೆದ್ದಲು” ಎಂದ. ಅವನ ತಲೆ ಹೋಯಿತು.

ಮೇಣ ಕಾಯಿಸುವ ಮನೆಯ ಕರಿಯ ಮೊದಲನೆಯದನ್ನು ಬಿಡಿಸಿದ. ಎರಡನೆಯದು, “ಎಲ್ಲರಿಗೂ ಗೊತ್ತು, ಯಾರೂ ಹೇಳರು, ನನಗೊಬ್ಬಳಿಗೇ ತಿಳಿಯದು. ಏನು?” ಕರಿಯ ಹೆದರಿ, “ನಿಮ್ಮ ಉಸಿರಿನ ಸಂಪಿಗೆ ಕಂಪು” ಎಂದ. “ಅದನ್ನು ಎಲ್ಲರೂ ಹೇಳುತ್ತಾರೆ, ತಪ್ಪು” ಎಂದಳು. ಅವನನ್ನು ಸೆರೆಗೆ ತಳ್ಳಿದರು.

ಹೊತ್ತು ಇಳಿಯುವ ಮೊದಲು ಅಣ್ಣನನ್ನು ಉಳಿಸಲು ತಮ್ಮ ಕೆಂಚ ಓಡಿಬಂದ. ಮೊದಲ ಒಗಟಿಗೆ, “ಹಲ್ಲು, ಹಲ್ಲಿನ ಹುಳು” ಎಂದ. ಅವಳು ಬಾಯಿ ತೆರೆದು ಎರಡನೆಯದನ್ನು ಕೇಳಿದಳು. ಕೆಂಚ ತಡೆಯಲಾರದೆ ಅವಳ ಪಾದದ ಮುಂದೆಯೇ ಕಾರಿಕೊಂಡ. ಆಸ್ಥಾನ ಬೆಚ್ಚಿತು.

“ಇದೇ ಉತ್ತರ, ಅಮ್ಮಣ್ಣಿ. ನಿಮ್ಮ ಬಾಯಿ ನಾರ್ತದೆ.”

ಅವಳ ಕಣ್ಣಲ್ಲಿ ನೀರು ಬಂತು. “ಎಲ್ಲರೂ ಮುಖ ತಿರುಗಿಸ್ತಿದ್ರು. ಯಾಕೆ ಅಂತ ಒಬ್ಬರೂ ಹೇಳಲಿಲ್ಲ. ಮೂರನೇದು ನನ್ನ ದಾದಿ ಸಾಯುವಾಗ ಹೇಳಿದ್ದು, ಉತ್ತರ ನನಗೂ ಗೊತ್ತಿಲ್ಲ. ಜಿಡ್ಡಿನ ಮಗ, ಹೆಂಡದ ಸೋದರ. ಅಮಲೇರಿಸದು, ನೀರಿಗೆ ಕರಗದು, ಆ ಒಕ್ಕಲನ್ನು ಕೊಲ್ಲುತ್ತದೆ.”

ಕೆಂಚ ಸೊಂಟದಿಂದ ಬಿಳಿ ಉಂಡೆಯೊಂದನ್ನು ತೆಗೆದ. “ಇದೇ ಅದು. ಜೇನುಮೇಣವನ್ನು ಸುಣ್ಣ, ಬೂದಿಯ ನೀರಲ್ಲಿ ಕುದಿಸಿ ತೆಗೆದ ಜಿಡ್ಡು. ಹೆಂಡದ ಹಾಗೆ ಚುರುಗುಟ್ಟುತ್ತೆ, ಅಮಲಿಲ್ಲ. ಬಾಯಿ ಕೊಳೆತ ಆಡು-ಕುರಿಗೆ ನಾವು ಇದನ್ನೇ ಹಚ್ಚೋದು.”

ಮೂಗು ಹಿಡಿದುಕೊಂಡೇ ಅವಳ ಒಸಡಿಗೆ ತಿಕ್ಕಿದ. ಅವಳು ಉಗುಳಿದಳು. ಕೀವು, ಲೋಳೆ, ಕೊಳೆತ ಅನ್ನದ ಅಗುಳು. ಮತ್ತೆ ತಿಕ್ಕಿದ, ಮತ್ತೆ ಉಗುಳಿದಳು. ಹೊತ್ತು ಮುಳುಗುವ ಮುನ್ನ ಅರಸ ಮೂಗಿನ ಬಳಿ ಹಿಡಿದಿದ್ದ ಮಲ್ಲಿಗೆಯನ್ನು ಕೆಳಗಿಟ್ಟ.

“ನಿನಗೇನು ಬೇಕು?” ಎಂದಳು ಅಮ್ಮಣ್ಣಿ.

“ಮೊದಲು ನಮ್ಮಣ್ಣನ ತಲೆ, ಕುತ್ತಿಗೆ ಸಮೇತ. ಮದುವೆ ಬಾಯಿ ವಾಸಿಯಾದ ಮೇಲೆ.”

ಕರಿಯ ಮನೆಗೆ ಬಂದ, ಮದುವೆಯೂ ಆಯಿತು. ಮರುದಿನ ಹೊಸ ಡಂಗುರ ಹೊರಟಿತು: “ಅರಸುಮನೆಯವರ ಬಾಯಿ ನಾರಿದರೆ ನಾರುತ್ತದೆ ಎನ್ನಿ. ಸಂಪಿಗೆ ಎಂದವನು ಅಮ್ಮಣ್ಣಿಯವರು ನಾಲಿಗೆ ಕೆರೆದ ಕಡ್ಡಿಯನ್ನು ನೆಕ್ಕತಕ್ಕದ್ದು.”