ಎರಡು ಸಲ ಬಿದ್ದ ಕುದುರೆ

"ಮೇಷ್ಟ್ರೇ, ಒಂದು ಸಲ ನನ್ನ ಜೊತೆ ಬಿದ್ದ ಕುದುರೆ ಮತ್ತೆ ನನ್ನನ್ನು ನಂಬಬೇಕಾದರೆ ಏನು ಮಾಡಬೇಕು?"

ಕೇಳಿದವಳು ಬೊಳ್ಳಮ್ಮ. ಬಯಲಿನಲ್ಲಿ ದಿಮ್ಮಿ, ಹಳ್ಳ, ಕೊಳ ಎಲ್ಲವನ್ನೂ ಹಾರಿಸಿಕೊಂಡು ಕುದುರೆ ಓಡಿಸುವ ದೊಡ್ಡ ಸ್ಪರ್ಧೆಗಳ ಸವಾರಳು. ಹಿಂದಿನ ವಾರ ಅಭ್ಯಾಸದಲ್ಲಿ ಅವಳೂ ಕುದುರೆಯೂ ಒಟ್ಟಿಗೆ ಉರುಳಿದ್ದರು. ಅವಳ ಮೊಣಕೈಗೆ ಕಟ್ಟಿದ್ದ ಪಟ್ಟಿ ಇನ್ನೂ ಹಾಗೇ ಇತ್ತು. ಕುದುರೆಯ ಮುಂಗಾಲಿನ ಬಾವು ಅಂದು ಬೆಳಗ್ಗೆಯಷ್ಟೇ ಇಳಿದಿತ್ತು. ಭಾನುವಾರ ದೇಶದ ತಂಡಕ್ಕೆ ಆಯ್ಕೆ.

ಮೇಷ್ಟ್ರು ಲಿಂಗರಾಜೇ ಅರಸು. ಸೈನ್ಯದ ಕುದುರೆ ದಳದಿಂದ ನಿವೃತ್ತರಾಗಿ ಮೈಸೂರಿನ ಹೊರಗೆ ಸವಾರಿ ಕಲಿಸುತ್ತಿದ್ದರು. ಲಾಯದ ಮುಂದೆ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದರು.

"ಭಾನುವಾರದೊಳಗೆ ಅಂತ ಸೇರಿಸಿ ಕೇಳು. ಅರ್ಧ ಪ್ರಶ್ನೆ ನುಂಗಿಬಿಟ್ಟೆಯಲ್ಲ."

"ಹೌದು. ಭಾನುವಾರದೊಳಗೆ."

"ಕೂತ್ಕೊ ಮಾರಾಯ್ತಿ. ನಿಂತುಕೊಂಡು ಕೇಳುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ."

ಬೊಳ್ಳಮ್ಮ ಹುಲ್ಲಿನ ಹೊರೆಯ ಮೇಲೆ ಕೂತಳು. ಮೇಷ್ಟ್ರು ಕತೆ ಶುರುಮಾಡಿದರು.

ಒಬ್ಬ ಸವಾರ ಇದ್ದ. ನಾನಲ್ಲ, ಹಾಗೆ ಓರೆಗಣ್ಣಲ್ಲಿ ನೋಡಬೇಡ. ಅವನಿಗೊಂದು ಹೆಣ್ಣು ಕುದುರೆ ಇತ್ತು. ನೋಡಲು ಅಂಥಾ ಚೆಂದವೇನಲ್ಲ. ಹಾರುವುದು ಮಾತ್ರ, ಅಬ್ಬಬ್ಬಾ! ಎದುರಿಗೆ ಏನು ಬಂದರೂ ಎರಡೂ ಕಿವಿ ಮುಂದಕ್ಕೆ ಚಾಚಿ ಹೋಗಿಬಿಡುತ್ತಿತ್ತು.

ಸ್ಪರ್ಧೆಯ ಹಿಂದಿನ ದಿನ ಸವಾರ ದಾರಿಯನ್ನೆಲ್ಲ ಕಾಲ್ನಡಿಗೆಯಲ್ಲಿ ನೋಡಿಕೊಂಡು ಬರುತ್ತಾನೆ. ದಿಮ್ಮಿಯ ಆಚೆ ಕೊಳ ಇದೆಯೋ ಇಳಿಜಾರು ಇದೆಯೋ ಎಲ್ಲ ಅವನಿಗೆ ಗೊತ್ತಿರುತ್ತದೆ. ಕುದುರೆಗೆ ತೋರಿಸುವ ಪದ್ಧತಿ ಇಲ್ಲ. ದಿಮ್ಮಿಯಾಗಲಿ ಹಳ್ಳವಾಗಲಿ, ಅದು ಬೇಲಿ ನೋಡುವುದು ಬೇಲಿಯ ಮುಂದೆ ಬಂದಾಗಲೇ. ಬೆನ್ನ ಮೇಲಿದ್ದವನು ಹೋಗು ಅಂದ, ಹೋಯಿತು, ಅಷ್ಟೇ. ನಿನಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಮರೆತುಬಿಡುತ್ತೀರಿ ನೀವೆಲ್ಲ, ಅದಕ್ಕೆ ಹೇಳಿದೆ.

ಒಂದು ಸ್ಪರ್ಧೆಯಲ್ಲಿ ಇಬ್ಬರೂ ಕೊಳದ ದಿಮ್ಮಿಗೆ ಬಂದರು. ಬಿಸಿಲು ನೀರಿಗೆ ಬಿದ್ದು ಹೊಳೆಯುತ್ತಿತ್ತು. ಕುದುರೆ ಒಂದು ಕ್ಷಣ ಅನುಮಾನಿಸಿತು. ಇವನು ಹಿಮ್ಮಡಿಯಿಂದ ಒತ್ತಿ ಹೋಗು ಅಂದ. ಅದು ಹೊರಟಿತು. ಅದು ಹೊರಟ ಮೇಲೆ ಇವನಿಗೆ ಹೆದರಿಕೆಯಾಯಿತು. ಲಗಾಮು ಜಗ್ಗಿಬಿಟ್ಟ. ಕಾಲು ಹೋಗು ಅನ್ನುತ್ತಿದೆ, ಕೈ ಬೇಡ ಅನ್ನುತ್ತಿದೆ. ಪಾಪ, ಅದು ಯಾವುದನ್ನು ಕೇಳಬೇಕು? ಮುಂಗಾಲು ದಿಮ್ಮಿಗೆ ಬಡಿದು ನೀರಿನೊಳಕ್ಕೆ ಮಗುಚಿಕೊಂಡಿತು. ಇವನ ಹೆಗಲಿನ ಮೂಳೆ ಮುರಿಯಿತು.

ಕುದುರೆಯದ್ದೇ ತಪ್ಪು ಅಂದರು ಜನ. ಇವನೂ ಹೂಂ ಅಂದ. ಮೂಳೆ ಕೂಡಿದ ಮೇಲೆ ಮತ್ತೆ ಹತ್ತಿದ. ಈ ಸಲ ಬೀಳಲೇಬಾರದು ಅಂತ, ಬೇಲಿ ಇನ್ನೂ ದೂರ ಇರುವಾಗಲೇ ಲಗಾಮು ಬಿಗಿದುಕೊಂಡ. ಬಿದ್ದು ಎದ್ದ ಸವಾರರೆಲ್ಲ ಮಾಡುವ ಕೆಲಸ ಇದು, ನೀನೂ ಮಾಡುತ್ತಿದ್ದೀಯ. ಹಾರುವ ಕುದುರೆಗೆ ಕತ್ತು ಚಾಚುವುದಕ್ಕೆ ಜಾಗ ಬೇಕು. ಇವನು ಹೆದರಿ ಆ ಕತ್ತನ್ನೇ ಕಟ್ಟಿಹಾಕಿದ. ಮತ್ತೆ ಬಿದ್ದರು. ಆ ಸಲ ಕುದುರೆ ಎದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅಲ್ಲಿಂದಾಚೆಗೆ ಅದು ಯಾವ ಬೇಲಿಗೂ ಹೋಗಲೊಲ್ಲದು. ಮಾರಿಬಿಡು ಅಂದರು. ಇವನು ಮಾರಲಿಲ್ಲ. ಒರಟು ಕಡಿವಾಣ ಹಾಕಿ ನೋಡಿದ, ಛಡಿ ಬೀಸಿ ನೋಡಿದ, ಒಂದು ದಿನ ಬಾಯಿಗೆ ಬಂದ ಹಾಗೆ ಬೈದೂ ನೋಡಿದ. ಊಹೂಂ. ಕೊನೆಗೆ ನೆಲದ ಮೇಲೆ ಒಂದು ಗಳ ಮಲಗಿಸಿ ದಾಟು ಅಂದ. ನಿನ್ನೆ ಮೊನ್ನೆ ಹುಟ್ಟಿದ ಮರಿ ದಾಟುವಂಥ ಗಳ. ಅದರ ಮುಂದೂ ನಿಂತುಬಿಟ್ಟಿತು.

ಆಗ ಅವನು ಅದರ ಕಿವಿ ನೋಡಿದ. ಗಳಕ್ಕೆ ಹೆದರಿದ್ದರೆ ಕಿವಿ ಗಳದ ಕಡೆ ಇರಬೇಕಿತ್ತು. ಎರಡೂ ಕಿವಿ ಹಿಂದಕ್ಕೆ, ಇವನ ಕಡೆಗೆ ತಿರುಗಿದ್ದವು. ಅದು ಕಾಯುತ್ತಿದ್ದದ್ದು ಇವನ ಕೈ ಯಾವಾಗ ಜಗ್ಗುತ್ತದೋ ಅಂತ. ಅವನಿಗೆ ತುಂಬಾ ನಾಚಿಕೆಯಾಯಿತು. ಕೆಳಗಿಳಿದು ಸುಮ್ಮನೆ ಅದರ ಪಕ್ಕ ನಿಂತುಕೊಂಡ.

ಮೇಷ್ಟ್ರು ಮಾತು ನಿಲ್ಲಿಸಿ ಮಂಡಿ ಒತ್ತಿಕೊಂಡರು.

"ಆಮೇಲೆ ಹೇಗೆ ಸರಿಮಾಡಿದ?" ಎಂದಳು ಬೊಳ್ಳಮ್ಮ. "ನನಗೆ ಬೇಕಾಗಿರುವುದು ಅದೇ."

"ಗೊತ್ತಮ್ಮಾ, ನಿನಗೆ ಬೇಕಾಗಿರುವುದು ಅದೇ ಅಂತ. ಕೇಳು."

ಮತ್ತೆ ಹತ್ತಿ, ಲಗಾಮಿಗೆ ಗಂಟು ಹಾಕಿ ಅದರ ಕತ್ತಿನ ಮೇಲೆ ಬಿಟ್ಟ. ತನ್ನ ಕೈ ಮೇಲೆ ಅವನಿಗೇ ನಂಬಿಕೆ ಇರಲಿಲ್ಲ ನೋಡು, ಎರಡೂ ಕೈಯಲ್ಲಿ ಅದರ ಜೂಲು ಹಿಡಿದುಕೊಂಡ. ಹಾಗೇ ಗಳ ದಾಟಿಸಿದ. ನಿಂತರೆ ನಿಲ್ಲಲಿ, ಇವನು ಕಾದ. ದಾಟಿದರೆ ಇಳಿದು ಮನೆಗೆ ಕರೆದುಕೊಂಡು ಹೋದ. ಮಾರನೆಯ ದಿನ ಅದೇ ಗಳ. ಅದರ ಮಾರನೆಯ ದಿನವೂ ಅದೇ. ಆಮೇಲೆ ಮಂಡಿಯೆತ್ತರದ ಪೊದೆ. ದೊಡ್ಡ ದೊಡ್ಡ ಸ್ಪರ್ಧೆ ಓಡಿಸಿದವನು ಮಕ್ಕಳ ಥರ ಪೊದೆ ಹಾರಿಸುತ್ತಾನಲ್ಲ ಅಂತ ಜೊತೆಯವರು ನಕ್ಕರು. ಇವನಿಗೆ ನಗುವುದಕ್ಕೂ ತ್ರಾಣ ಇರಲಿಲ್ಲ, ಸಿಟ್ಟು ಮಾಡುವುದಕ್ಕೂ ಇರಲಿಲ್ಲ. ಎರಡು ಮಳೆಗಾಲ ಹೀಗೇ ಕಳೆಯಿತು. ಬೇಜಾರಿನ ಕೆಲಸ ಅದು. ಹೇಳಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ.

ಒಂದು ಬೆಳಗ್ಗೆ ಒಂದು ದಿಮ್ಮಿಯ ಮುಂದೆ ಅದರ ಕಿವಿ ಮುಂದಕ್ಕೆ ಹೋಯಿತು. ಅವನು ಕುಣಿದಾಡಿದ ಅಂದುಕೊಂಡೆಯಾ? ಇಲ್ಲಪ್ಪ. ಮನೆಗೆ ಹೋಗಿ ತಣ್ಣಗಾದ ಮುದ್ದೆ ಉಂಡು ಮಲಗಿದ. ಅಷ್ಟು ದಣಿದಿದ್ದ.

ಆಮೇಲೆ ಎಲ್ಲವೂ ಮರಳಿ ಬಂತು, ಹಳ್ಳ, ಕೊಳ, ಎತ್ತರದ ದಿಮ್ಮಿ. ಹೋಗು ಅನ್ನುವುದಕ್ಕೂ ಬಾಯಿ ಬೇಕಿರಲಿಲ್ಲ. ಇವನು ಬೇಲಿಯ ಕಡೆ ಮುಖ ಮಾಡಿದರೆ ಸಾಕು, ಅದು ಹೊರಡುತ್ತಿತ್ತು. ಅಷ್ಟು ಹೊತ್ತಿಗೆ ಅವನ ತಲೆ ನರೆತಿತ್ತು. ತಂಡಕ್ಕೆ ಒಮ್ಮೆಯಾದರೂ ಸೇರಬೇಕು, ಹೊರದೇಶದಲ್ಲಿ ಒಮ್ಮೆಯಾದರೂ ಓಡಿಸಬೇಕು ಅನ್ನುವುದು ಅವನ ಹುಡುಗತನದ ಆಸೆ. ಆ ವರ್ಷ ಆಗದಿದ್ದರೆ ಇನ್ನಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ಆರಿಸುವವರಿಗೂ ಗೊತ್ತಿತ್ತು.

ಆಯ್ಕೆಯ ದಿನ ಬಂತು. ಮೊದಲಿಂದ ಕೊನೆಯವರೆಗೂ ಏರು ದಾರಿ, ಸೆಕೆ ಬೇರೆ. ಕುದುರೆ ಒಂದು ಬೇಲಿಯನ್ನೂ ಮುಟ್ಟಲಿಲ್ಲ. ಎಲ್ಲರಿಗಿಂತ ಮುಂದಿದ್ದರು. ಉಳಿದದ್ದು ಎರಡೇ ಬೇಲಿ. ದಿಬ್ಬ ಹತ್ತಿ ತಿರುಗಿದರೆ ಎದುರಿಗೇ ಒಂದು, ಹಳ್ಳದ ಮೇಲೆ ಅಡ್ಡ ಹಾಕಿದ ದೊಡ್ಡ ದಿಮ್ಮಿ. ಅದರ ಆಚೆ ಜನ ಆಗಲೇ ಚಪ್ಪಾಳೆ ತಟ್ಟುತ್ತಿದ್ದರು.

ದಿಬ್ಬ ಹತ್ತುವಾಗ ಕುದುರೆಯ ಹೆಜ್ಜೆ ಗಿಡ್ಡವಾಯಿತು. ಉಸಿರು ಹೆಜ್ಜೆಯ ಜೊತೆ ಬರುವುದನ್ನು ಬಿಟ್ಟಿತು. ದಿಬ್ಬದ ಮೇಲಿನ ಸಮ ನೆಲದಲ್ಲಿ ಒಂದು ಸಲ ಎಡವಿತು, ಸಾವರಿಸಿಕೊಂಡಿತು. ಕಿವಿ ಮಾತ್ರ ಮುಂದಕ್ಕೇ ಇದ್ದವು, ದಿಮ್ಮಿಯ ಕಡೆಗೆ.

ಸವಾರ ಬೆನ್ನು ನೆಟ್ಟಗೆ ಮಾಡಿ ಕೂತ. ಒಂದು ಕೈ ಮೇಲಕ್ಕೆತ್ತಿದ. ನಾನು ಬಿಟ್ಟೆ ಅನ್ನುವುದಕ್ಕೆ ಅದೇ ಸನ್ನೆ. ಕುದುರೆಯನ್ನು ದಾರಿಯಿಂದ ಪಕ್ಕಕ್ಕೆ ತಿರುಗಿಸಿ, ನಿಧಾನ ಮಾಡಿ, ಇಳಿದ. ಚಪ್ಪಾಳೆ ನಿಂತುಹೋಯಿತು.

ತಂಡ ಆರಿಸುವ ಹಿರಿಯರು ಏದುಸಿರು ಬಿಡುತ್ತಾ ಓಡಿಬಂದರು. "ಏನಯ್ಯಾ ಆಯ್ತು? ಕುದುರೆ ನಿಂತುಬಿಡ್ತಾ?"

"ಇಲ್ಲ ಸಾರ್. ಹೋಗ್ತಾ ಇತ್ತು."

"ಮತ್ತೆ ನೀನು ಹೆದರಿದೆಯಾ? ಎರಡೇ ಎರಡು ಬೇಲಿ ಕಣಯ್ಯಾ! ನಿನಗಾಗಿ ಎಷ್ಟು ಜನರ ಹತ್ತಿರ ಜಗಳ ಆಡಿದ್ದೆ ನಾನು!"

"ಹೆದರಿದೆ ಅಂದುಕೊಳ್ಳಿ ಸಾರ್," ಅಂದ ಅವನು. ಜೀನು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. ಕುದುರೆಯ ಜೊತೆ ಲಾಯದವರೆಗೂ ನಡೆದ. ದಾರಿಯಲ್ಲಿ ಅತ್ತ. ಅಳುವುದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ತಂಡಕ್ಕೆ ಬೇರೆಯವನು ಹೋದ. ಇವನು ಮುಂದೆ ಯಾವ ಆಯ್ಕೆಗೂ ಹೋಗಲಿಲ್ಲ. ಕೊನೆಯ ಘಳಿಗೆಯಲ್ಲಿ ಕೈಕಾಲು ನಡುಗಿದವನು ಅಂತ ಈಗಲೂ ಅವನ ಬಗ್ಗೆ ಹೇಳುತ್ತಾರೆ.

ಇಷ್ಟು ಹೇಳಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಬೊಳ್ಳಮ್ಮನಿಗೆ ತಡೆಯಲಾಗಲಿಲ್ಲ.

"ಕುದುರೆಗೆ ಒಳಗೆ ಏನೋ ಏಟಾಗಿತ್ತು, ಅಲ್ಲವಾ? ಡಾಕ್ಟರು ನೋಡಿ ಹೇಳಿರಬೇಕು, ಹಾರಿದ್ದರೆ ಸಾಯುತ್ತಿತ್ತು ಅಂತ."

"ಎಂಥದ್ದೂ ಇಲ್ಲ. ಡಾಕ್ಟರು ಕಾಲೆತ್ತಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ದಣಿದಿದೆ ಅಂದರು, ಅಷ್ಟೇ. ಬೆಳಗಾಗುವ ಹೊತ್ತಿಗೆ ಹುಲ್ಲು ತಿನ್ನುತ್ತಿತ್ತು."

"ಅಯ್ಯೋ! ಹಾಗಾದರೆ ಅದನ್ನು ಅಷ್ಟು ಕಾಲ ಕಷ್ಟಪಟ್ಟು ನಂಬಿಸಿದ್ದು ಯಾತಕ್ಕೆ ಮೇಷ್ಟ್ರೇ?" ಬೊಳ್ಳಮ್ಮನಿಗೆ ಸಿಟ್ಟೇ ಬಂದಿತ್ತು. "ಅದಕ್ಕೆ ಅವನ ಮೇಲೆ ನಂಬಿಕೆ ಬಂದಿತ್ತು, ಕಿವಿ ಮುಂದಕ್ಕಿತ್ತು. ಒಂದು ಸಲ ಹೋಗು ಅಂತ ಕೇಳಿ ನೋಡಬಹುದಿತ್ತಲ್ಲ? ಆಗದಿದ್ದರೆ ಅದೇ ನಿಲ್ಲುತ್ತಿತ್ತು."

ಮೇಷ್ಟ್ರು ಕಣ್ಣು ತೆರೆದು ಅವಳನ್ನು ನೋಡಿದರು.

"ಕೇಳಿದ್ದರೆ ಅದು ಇಲ್ಲ ಅನ್ನುತ್ತಿರಲಿಲ್ಲ ಮಗಳೇ, ಅದಕ್ಕೇ ಅವನು ಕೇಳಲಿಲ್ಲ."