ಕಾಗೆಗಳ ಖಂಡನಾ ಸಭೆ

"ನಿಮ್ಮ ಅಜ್ಜ ಮುತ್ತಜ್ಜಂದಿರು ತಮ್ಮ ಮಕ್ಕಳೆಂದೇ ನಂಬಿ ಕೋಗಿಲೆಯ ಮರಿಗಳನ್ನು ಸಾಕಿದವರು" ಎಂದು ಗೊರವಂಕವೊಂದು ಎದುರಿಗೇ ಆಡಿಬಿಟ್ಟಾಗ ಕಾಗೆಗಳ ಯಜಮಾನನಿಗೆ ಮೈಯೆಲ್ಲ ಉರಿದುಹೋಯಿತು. ಕೂಡಲೇ ಆಲದ ಮರದಲ್ಲಿ ಸಭೆ ಕರೆದು, "ಇದು ನಮ್ಮ ಕುಲಕ್ಕೆ ಮಸಿ ಬಳಿಯುವವರ ಕಟ್ಟುಕತೆ" ಎಂದು ಗುಡುಗಿತು.

"ಹಾಗಾದರೆ ಗೂಡುಗಳನ್ನೊಮ್ಮೆ ನೋಡಿಬಿಡೋಣವೇ?" ಎಂದಿತು ಗೊರವಂಕ.

"ನೋಡಬೇಕೆನ್ನುವುದೇ ಅವಮಾನ" ಎಂದು ಕಾಗೆಗಳೆಲ್ಲ ಸೇರಿ ಅದರ ಬಾಲದ ಗರಿ ಕಿತ್ತು ಓಡಿಸಿದವು.

ಆಗ ಯಜಮಾನನ ಮುದ್ದಿನ ಮರಿ ತುದಿಗೊಂಬೆಗೆ ಹಾರಿ, ಕುಲದ ಮಾನ ಕಾಯಲೆಂದು ಮೊದಲ ಸಲ ದನಿಯೆತ್ತಿತು: "ಕುಹೂ, ಕುಹೂ."

ಯಜಮಾನ ಕಾಗೆ ಎದೆಯುಬ್ಬಿಸಿ ಹೇಳಿತು: "ಕೇಳಿದಿರಾ? ಇಂಥ ಇಂಪಾದ ಕಂಠ ಕಾಗೆಯ ಕುಲದಲ್ಲಲ್ಲದೆ ಇನ್ನೆಲ್ಲಿ ಹುಟ್ಟೀತು?"