ಮುಂಗುಸಿ ಸಣ್ಣಕ್ಕ ಮತ್ತು ಮಾವಿನ ಡಬ್ಬಿ

ಚೈತ್ರ ಮಾಸದ ಕೊನೆಯ ವಾರ, ಕಾಡಿನಲ್ಲಿ ಆಲಿಕಲ್ಲು ಮಳೆ ಬಿದ್ದ ಮಧ್ಯಾಹ್ನ ಇದು ನಡೆಯಿತು.

ಮಕ್ಕಳೇ, ಆ ಕಾಡಿನ ಹುತ್ತವೊಂದರ ಬುಡದಲ್ಲಿ ಮುಂಗುಸಿ ಸಣ್ಣಕ್ಕ ತನ್ನ ಮರಿ ಚಿಣ್ಣನೊಂದಿಗೆ ಇದ್ದಳು. ಚಿಣ್ಣ ಎರಡು ದಿನದ ಹಿಂದೆ ಕಣಜದ ಗೂಡಿನಲ್ಲಿ ಏನಿದೆ ಎಂದು ಇಣುಕಿದ್ದ. ಕಣಜ ನಾಲಗೆಗೇ ಕುಟುಕಿತ್ತು. ನಾಲಗೆ ಊದಿ, ಅಂದಿನಿಂದ ಒಂದು ತೊಟ್ಟು ನೀರೂ ಗಂಟಲಲ್ಲಿ ಇಳಿದಿರಲಿಲ್ಲ.

ಪಕ್ಕದ ಬಿಲದ ಮುಳ್ಳುಹಂದಿಯನ್ನು ಎಲ್ಲರೂ ಮುಳ್ಳಜ್ಜ ಎನ್ನುತ್ತಿದ್ದರು. ಅವನು ಬಂದು ನೋಡಿದ.

"ತಣ್ಣಗಿರೋದು ಕೊಟ್ರೆ ಊತ ಇಳಿಯುತ್ತೆ, ಹೊಟ್ಟೆಗೂ ಏನಾದ್ರೂ ಬೀಳುತ್ತೆ. ಆಲಿಕಲ್ಲು ಕರಗೋದ್ರೊಳಗೆ ಮಾವಿನ ರಸ ಗಟ್ಟಿ ಮಾಡು."

"ಹೇಗಜ್ಜ?"

"ಜಿಂಕೆ ನೆಕ್ಕೋ ಜಾಗದಿಂದ ಉಪ್ಪು ತಾ. ಮೂರು ಹಿಡಿ ಆಲಿಕಲ್ಲಿಗೆ ಒಂದು ಹಿಡಿ ಉಪ್ಪು. ಉಪ್ಪು ಬಿದ್ದ ಮಂಜು ಬರೀ ಮಂಜಿಗಿಂತ ತಣ್ಣಗಾಗುತ್ತೆ. ಅದರ ನಡುವೆ ರಸದ ಡಬ್ಬಿ ಇಟ್ಟು ಸಾವಿರ ಸಲ ತಿರುಗಿಸು. ಮುಚ್ಚಳ ಮಾತ್ರ ತೆಗೀಬೇಡ."

ದಾರಿಹೋಕರು ಬಿಟ್ಟುಹೋದ ತಗಡಿನ ಡಬ್ಬಿಯೊಂದು ಸಣ್ಣಕ್ಕನ ಬಳಿ ಇತ್ತು. ಅದಕ್ಕೆ ಮಾವಿನ ರಸ, ಜೇನು ಸುರಿದಳು. ಮರದ ಪೊಟರೆಯಲ್ಲಿ ಒಣ ಎಲೆ ಹಾಸಿ, ಆರಿಸಿ ತಂದ ಆಲಿಕಲ್ಲಿನಲ್ಲಿ ಅರ್ಧವನ್ನು ಉಪ್ಪಿನೊಂದಿಗೆ ತುಂಬಿ, ನಡುವೆ ಡಬ್ಬಿ ಹುದುಗಿಸಿದಳು. ಉಳಿದರ್ಧವನ್ನು ಎಲೆಗಳಡಿ ಮುಚ್ಚಿಟ್ಟಳು. ಡಬ್ಬಿ ತಿರುಗಿಸತೊಡಗಿದಳು.

ನೂರಾದಾಗ ಚಿಣ್ಣ ನರಳಿದ. ಆಯಿತೇನೋ ಎಂದು ಮುಚ್ಚಳ ತೆಗೆದಳು. ಆಗಿರಲಿಲ್ಲ. ನೂರೈವತ್ತಕ್ಕೆ ಮತ್ತೆ ತೆಗೆದಳು. ಇನ್ನೂರಕ್ಕೆ ಇನ್ನೊಮ್ಮೆ. ಹೀಗೆ ಹನ್ನೊಂದು ಸಲ. ಪ್ರತಿ ಸಲವೂ ಬಿಸಿಗಾಳಿ ಒಳಹೊಕ್ಕಿತು, ಉಪ್ಪುನೀರು ಚಿಮ್ಮಿತು. ಕೊನೆಗೆ ಮಂಜು ಕರಗಿತು. ಡಬ್ಬಿಯಲ್ಲಿ ಉಳಿದದ್ದು ಉಪ್ಪುಪ್ಪಾದ ಮಾವಿನ ನೀರು. ಚಿಣ್ಣನ ನಾಲಗೆಗೆ ತಾಗಿದ್ದೇ ತಡ, ಉರಿಯಿಂದ ಕಿರುಚಿದ.

"ಮಗ ಕಣಜದ ಗೂಡು ಇಣುಕಿದ, ತಾಯಿ ಡಬ್ಬಿ ಇಣುಕಿದಳು. ನೂಲಿನಂತೆ ಸೀರೆ!" ಎಂದ ಮುಳ್ಳಜ್ಜ.

ಸಣ್ಣಕ್ಕನಿಗೆ ಮಾತು ಚುಚ್ಚಿತು. ಆದರೆ ಅಳಲು ಹೊತ್ತಿರಲಿಲ್ಲ. ಎಲೆಗಳಡಿಯ ಆಲಿಕಲ್ಲು ಆಗಲೇ ಕಡಲೆಕಾಳಿನಷ್ಟಾಗಿತ್ತು.

"ತೆಗೀದೆ ಆಗಿದೆಯೋ ಇಲ್ವೋ ಅಂತ ಹೇಗೆ ತಿಳ್ಕೊಳ್ಳಲಿ, ಅಜ್ಜ?"

"ಕಿವಿ ಇಲ್ವೇನೇ? ರಸ ಇರೋವರೆಗೂ ಗುಳುಗುಳು ಅನ್ನುತ್ತೆ. ಗಟ್ಟಿಯಾದ ಮೇಲೆ ಸದ್ದು ನಿಲ್ಲುತ್ತೆ."

ಡಬ್ಬಿ ತೊಳೆದಳು. ಈ ಸಲ ಮಂಜು ಕಡಿಮೆ ಎಂದು ರಸವನ್ನೂ ಅರ್ಧಕ್ಕಿಳಿಸಿದಳು. ಮುಚ್ಚಳ ಒತ್ತಿ, ಮೇಲೆ ಬಳ್ಳಿ ಸುತ್ತಿ ಗಂಟು ಹಾಕಿದಳು. ಉಳಿದ ಆಲಿಕಲ್ಲಿಗೆ ಉಪ್ಪು ಬೆರೆಸಿ ಪೊಟರೆಗೆ ತುಂಬಿ, ನಡುವೆ ಡಬ್ಬಿ ಹುದುಗಿಸಿದಳು. ಕಣ್ಣು ಮುಚ್ಚಿ ತಿರುಗಿಸಿದಳು.

ಮುನ್ನೂರು. ಗುಳುಗುಳು. ಪಂಜ ಮರಗಟ್ಟಿತು.

ಐನೂರು. "ಅವ್ವಾ..." ಎಂದು ಚಿಣ್ಣ ತೊದಲಿದ. ಅವಳ ಪಂಜ ತಾನಾಗಿ ಗಂಟಿನತ್ತ ಹೋಯಿತು. ಹಲ್ಲು ಕಚ್ಚಿ ಹಿಂದಕ್ಕೆಳೆದುಕೊಂಡಳು. "ಇನ್ನೈನೂರು, ಕಂದ."

ಎಂಟುನೂರು. ಸದ್ದು ಮಂದವಾಯಿತು.

ಒಂಬೈನೂರ ಅರವತ್ತು. ಸದ್ದು ನಿಂತಿತು. ಆದರೂ ಸಾವಿರ ಮುಗಿಸಿಯೇ ಗಂಟು ಬಿಚ್ಚಿದಳು. ಮುಚ್ಚಳದ ಮೇಲಿನ ಉಪ್ಪು ಒರೆಸಿ ತೆರೆದಳು.

ಒಳಗೆ ಹಳದಿ ಮಾವು ಹೆಪ್ಪುಗಟ್ಟಿ ಕೂತಿತ್ತು.

ಒಂದು ಚೂರನ್ನು ಎಲೆಯಂಚಿನಿಂದ ತೆಗೆದು ಚಿಣ್ಣನ ನಾಲಗೆಯ ಮೇಲಿಟ್ಟಳು. ಮರಿ ಬೆಚ್ಚಿತು, ಸುಮ್ಮನಾಯಿತು, ನುಂಗಿತು. ಮತ್ತೆ ಬಾಯಿ ತೆರೆಯಿತು. ಸಂಜೆಯ ಹೊತ್ತಿಗೆ ಊತ ಇಳಿಯತೊಡಗಿತು.

ಮಿಕ್ಕದ್ದನ್ನು ಮತ್ತೆ ಬಿಗಿಯಾಗಿ ಮುಚ್ಚಿ, ಪೊಟರೆಯ ಮಂಜಿನಲ್ಲೇ ಹುದುಗಿಸಿ, ಮೇಲೆ ಒಣ ಎಲೆ ಹೇರಿದಳು.

"ಅವ್ವ, ಕರಗಿದೆಯಾ ನೋಡೋಣ್ವಾ?" ಎಂದ ಚಿಣ್ಣ. ಮಾತು ಈಗ ಸ್ಪಷ್ಟವಾಗಿತ್ತು.

"ಹಸಿವಾದಾಗ ನೋಡೋಣ."

ಮೊದಲ ಸಲ ಮಾಡುವಾಗ ಮುಚ್ಚಳ ತೆರೆದದ್ದು ಹನ್ನೊಂದು ಸಲ. ಎರಡನೆಯ ಸಲ, ಒಂದು.

ನೀತಿ: ಕಾಯಬೇಕಾದ ಕೆಲಸದಲ್ಲಿ ಕೈಗಿಂತ ಕಿವಿಗೆ ಕೆಲಸ ಹೆಚ್ಚು, ಆತುರದಿಂದ ಇಣುಕಿದವರು ಆಗುತ್ತಿರುವುದನ್ನೂ ಕೆಡಿಸುತ್ತಾರೆ.